ಮೂರು ತಿಂಗಳಲ್ಲಿ ಪೈಥಾನ್ ಬರುತ್ತಾ ಅಂತ ಕೇಳುವವರಿಗೆ

ಮೂರು ತಿಂಗಳಲ್ಲಿ ಪ್ರೋಗ್ರಾಮಿಂಗ್ ಕಲಿಯಬಹುದು ಅಂತ ಯಾರಾದರೂ ಹೇಳಿದರೆ, ಯಾವ ಮೂರು ತಿಂಗಳು ಅಂತ ತಿರುಗಿ ಕೇಳಬೇಕು. ಜುಲೈ, ಆಗಸ್ಟ್, ಸೆಪ್ಟೆಂಬರ್ ಅಂದರೆ ನಮ್ಮಂಥವರ ಕೈಲಿ ಆಗುವ ಮಾತಲ್ಲ. ಜುಲೈ 31ಕ್ಕೆ ಇನ್‌ಕಂ ಟ್ಯಾಕ್ಸ್ ರಿಟರ್ನ್. ಸೆಪ್ಟೆಂಬರ್ 30ಕ್ಕೆ ಟ್ಯಾಕ್ಸ್ ಆಡಿಟ್. ನಡುವೆ ವರಮಹಾಲಕ್ಷ್ಮಿ, ಗೌರಿ, ಗಣೇಶ. ಇಷ್ಟರಲ್ಲಿ ಫಾರ್ ಲೂಪ್ ಅಂದರೆ ಏನು ಅಂತ ಕೂತು ಓದುವವರು ಇದ್ದರೆ ಅವರಿಗೆ ದೊಡ್ಡ ನಮಸ್ಕಾರ.

ನಾನು ದಾವಣಗೆರೆಯ ಒಂದು ಆಡಿಟರ್ ಆಫೀಸಿನಲ್ಲಿ ಅಕೌಂಟೆಂಟ್. ಬಿ.ಕಾಂ ಮುಗಿಸಿ ಹದಿನೈದು ವರ್ಷದ ಮೇಲಾಯಿತು. ಹಗಲೆಲ್ಲ ಲೆಕ್ಕ ಬರೆಯುವ ಟ್ಯಾಲಿ ಸಾಫ್ಟ್‌ವೇರ್, ಎಕ್ಸೆಲ್, ಜಿಎಸ್‌ಟಿ ಪೋರ್ಟಲ್. ಮನೆಯಲ್ಲಿ ಯಜಮಾನರು, ಅತ್ತೆ, ಒಂಬತ್ತನೇ ಕ್ಲಾಸಿನ ಮಗಳು. ಕಂಪ್ಯೂಟರ್ ಸೈನ್ಸ್ ಓದಿದವಳಲ್ಲ. ಸಾಫ್ಟ್‌ವೇರ್ ಕಂಪನಿ ಸೇರುವ ಆಸೆಯೂ ಇಲ್ಲ. ಒಂದು ದೀಪಾವಳಿ ಕಳೆದ ಮೇಲೆ ಪೈಥಾನ್ ಅನ್ನುವ ಪ್ರೋಗ್ರಾಮಿಂಗ್ ಭಾಷೆ ಕಲಿಯೋಕೆ ಕೂತೆ. ಮುಂದಿನ ದೀಪಾವಳಿ ಹೊತ್ತಿಗೆ ಆಫೀಸಿನ ಒಂದು ತಲೆನೋವಿನ ಕೆಲಸವನ್ನು ನಾನು ಬರೆದ ಪ್ರೋಗ್ರಾಂ ಮಾಡುತ್ತಿತ್ತು. ಅದನ್ನು ಕಂಡವರೆಲ್ಲ "ಎಷ್ಟು ದಿನ ಬೇಕಾಯ್ತು ಮೇಡಂ?" ಅಂತ ಕೇಳುತ್ತಾರೆ. ನಿಂತ ನಿಲುವಿನಲ್ಲಿ ಒಂದು ಮಾತಲ್ಲಿ ಉತ್ತರ ಕೊಟ್ಟರೆ ಅದು ಸುಳ್ಳಾಗುತ್ತದೆ. ಅದಕ್ಕೇ ಇಲ್ಲಿ ಬರೆಯುತ್ತಿದ್ದೇನೆ.

ಫೋನ್ ತೆರೆದರೆ ಸಾಕು, "45 ದಿನದಲ್ಲಿ ಡೆವಲಪರ್ ಆಗಿ" ಅನ್ನುವ ಜಾಹೀರಾತು. ನನ್ನ ಚಿಕ್ಕಪ್ಪನ ಮಗ ಅಂಥದ್ದೊಂದಕ್ಕೆ ದುಡ್ಡು ಕಟ್ಟಿದ್ದ. ಮೊದಲೇ ರೆಕಾರ್ಡ್ ಮಾಡಿಟ್ಟ ವಿಡಿಯೋಗಳು, ಒಂದು ವಾಟ್ಸಾಪ್ ಗ್ರೂಪ್, ಕೊನೆಗೆ ಪಿಡಿಎಫ್ ಸರ್ಟಿಫಿಕೇಟ್. ಹುಡುಗ ಎಲ್ಲಾ ವಿಡಿಯೋ ನೋಡಿ ಮುಗಿಸಿದ. ಆಮೇಲೆ ಯುಗಾದಿಗೆ ಊರಿಗೆ ಬಂದಾಗ ನಾನು ಸುಮ್ನೆ ಖಾಲಿ ಫೈಲ್ ತೆರೆದು, "ಒಂದು ಬಿಲ್‌ಗೆ ಜಿಎಸ್‌ಟಿ ಲೆಕ್ಕ ಹಾಕಿ ತೋರಿಸೋ" ಅಂದೆ. ಅವನಿಗೆ ಕೈ ಓಡಲಿಲ್ಲ. ದಡ್ಡ ಅಲ್ಲ ಅವನು. ನೋಡು ಅಂತ ಹೇಳಿದ್ದರು, ಬರೆ ಅಂತ ಯಾರೂ ಹೇಳಿರಲಿಲ್ಲ, ಅಷ್ಟೇ.

ಹಾಗಾಗಿ ವಿಡಿಯೋ ನೋಡಿದ ಗಂಟೆಗಳನ್ನು ನಾನು ಲೆಕ್ಕಕ್ಕೇ ಹಿಡಿಯುವುದಿಲ್ಲ. ಪಾಠ ಹೇಳುವವರು ಟೈಪ್ ಮಾಡುತ್ತಾ ಹೋದಾಗ ಎಲ್ಲಾ ಅರ್ಥವಾಗುತ್ತಲೇ ಇರುತ್ತದೆ. ನಾವೇ ಟೈಪ್ ಮಾಡಿ, ಕೆಂಪು ಅಕ್ಷರದಲ್ಲಿ ಎರರ್ ಬಂದು, ಅದು ಹೋಗುವ ತನಕ ಕೂತಿದ್ದ ಹೊತ್ತು ಇದೆಯಲ್ಲ, ಅದು ಲೆಕ್ಕಕ್ಕೆ. ಆ ಲೆಕ್ಕದಲ್ಲಿ ನೋಡಿದರೆ ತುಂಬಾ ಜನ "ಆರು ತಿಂಗಳಿಂದ ಕಲೀತಿದ್ದೀನಿ" ಅನ್ನುವುದು ಒಂದು ವಾರದ ಕಲಿಕೆ ಅಷ್ಟೇ.

ನಾನು ಕೂಡ ಶುರುವಿನಲ್ಲಿ ಟ್ಯಾಲಿಯ ಅಳತೆ ಇಟ್ಟುಕೊಂಡಿದ್ದೆ. ಟ್ಯಾಲಿ ಕ್ಲಾಸ್ ಮೂರು ತಿಂಗಳದ್ದು. ಎಫ್5 ಪೇಮೆಂಟ್, ಎಫ್6 ರಿಸೀಟ್, ಎಫ್8 ಸೇಲ್ಸ್, ಎಫ್9 ಪರ್ಚೇಸ್. ಎಲ್ಲಿ ಏನಿದೆ ಅಂತ ಗೊತ್ತಾದರೆ ಮುಕ್ಕಾಲು ಪಾಲು ಮುಗೀತು. ಡೆಬಿಟ್, ಕ್ರೆಡಿಟ್ ಮೊದಲೇ ಕಾಲೇಜಿನಲ್ಲಿ ತಲೆಗೆ ಹೋಗಿರುತ್ತದೆ. ಪೈಥಾನ್‌ನಲ್ಲಿ ಆ ಮೊದಲೇ ತಲೆಗೆ ಹೋಗಿರುವ ಭಾಗ ಇಲ್ಲ. ಪರದೆ ಖಾಲಿ. ಏನು ಬೇಕು ಅಂತ ನಾವೇ ಹೇಳಬೇಕು, ಯಾವ ಕ್ರಮದಲ್ಲಿ ಅಂತಲೂ ನಾವೇ ಹೇಳಬೇಕು. ಡೆಬಿಟ್ ಕ್ರೆಡಿಟ್ ಕಲಿಯೋಕೆ ಹಿಡಿದ ಎರಡು ವರ್ಷವನ್ನು ಯಾರೂ ಟ್ಯಾಲಿ ಕ್ಲಾಸಿನ ಖಾತೆಗೆ ಬರೆಯುವುದಿಲ್ಲ. ಪ್ರೋಗ್ರಾಮಿಂಗ್‌ಗೆ ಎರಡೂ ಒಟ್ಟಿಗೆ ಬರುತ್ತವೆ.

ಇನ್ನು ನನಗೆ ಬೇಕಿದ್ದ ಕೆಲಸ ಏನು ಅಂತ ಹೇಳಬೇಕು, ಇಲ್ಲದಿದ್ದರೆ ಮುಂದಿನದು ಅರ್ಥವಾಗುವುದಿಲ್ಲ. ನಮ್ಮ ಆಫೀಸಿಗೆ ಬರುವ ಪಾರ್ಟಿಗಳು ಜಾಸ್ತಿ ಕಿರಾಣಿ, ಬಟ್ಟೆ, ಹಾರ್ಡ್‌ವೇರ್ ಹೋಲ್‌ಸೇಲ್‌ನವರು. ಅವರು ಮಾಲು ಕೊಂಡಾಗ ಕೊಟ್ಟ ಜಿಎಸ್‌ಟಿಯನ್ನು ಇನ್‌ಪುಟ್ ಅಂತ ತಗೊಳ್ಳಬೇಕಾದರೆ, ಅಂದರೆ ತಾವು ಕಟ್ಟುವ ತೆರಿಗೆಯಲ್ಲಿ ಕಳೆಯಬೇಕಾದರೆ, ಆ ಬಿಲ್ ಪೋರ್ಟಲ್‌ನ ಜಿಎಸ್‌ಟಿಆರ್-2ಬಿಯಲ್ಲಿ, ಅಂದರೆ ಮಾಲು ಕೊಟ್ಟವರು ತೋರಿಸಿದ ಬಿಲ್ಲುಗಳ ಪಟ್ಟಿಯಲ್ಲಿ, ಬಂದಿರಬೇಕು. 2022ರ ಜನವರಿಯಿಂದ ಅಲ್ಲಿ ಇಲ್ಲದ್ದಕ್ಕೆ ಇನ್‌ಪುಟ್ ಇಲ್ಲ. 2ಬಿ ಬರುವುದು ತಿಂಗಳ 14ಕ್ಕೆ. ತೆರಿಗೆ ಕಟ್ಟುವ ತಿಂಗಳ ರಿಟರ್ನ್ 3ಬಿ ಹಾಕೋಕೆ 20 ಕೊನೆ. ಈ ನಡುವಿನ ದಿನಗಳಲ್ಲಿ ಒಂದು ಕಡೆ ಟ್ಯಾಲಿಯ ಪರ್ಚೇಸ್ ಪಟ್ಟಿ, ಇನ್ನೊಂದು ಕಡೆ 2ಬಿ ಎಕ್ಸೆಲ್ ಇಟ್ಟುಕೊಂಡು ಬಿಲ್ ಬಿಲ್‌ಗೂ ತಾಳೆ ನೋಡಬೇಕು. ಎಕ್ಸೆಲ್‌ನ ಹುಡುಕುವ ಸೂತ್ರ ವಿ-ಲುಕಪ್ ಹಾಕಿದರೂ ಅರ್ಧ ಸಿಗುವುದಿಲ್ಲ. ಯಾಕೆ ಅಂದರೆ ಮಾಲು ಕೊಟ್ಟವರು ಬಿಲ್ ನಂಬರ್ ಒಂದು ಥರ ಹಾಕಿರುತ್ತಾರೆ, ನಮ್ಮ ಪಾರ್ಟಿಯ ಹುಡುಗ ಇನ್ನೊಂದು ಥರ. ಇದೇ ಕೆಲಸ ಪ್ರೋಗ್ರಾಂ ಮಾಡಬೇಕು ಅಂತ ನನ್ನ ಹಟ.

ಮೊದಲ ವಾರಾಂತ್ಯ ಪೈಥಾನ್ ಹಾಕಿಕೊಳ್ಳೋಕೇ ಹೋಯಿತು. ಇದನ್ನು ಯಾವ ಕೋರ್ಸೂ ಸಮಯದ ಲೆಕ್ಕದಲ್ಲಿ ಹೇಳುವುದಿಲ್ಲ. ವಿಂಡೋಸ್‌ನಲ್ಲಿ ಇನ್‌ಸ್ಟಾಲ್ ಮಾಡುವಾಗ ಕೆಳಗೆ ಪಾತ್‌ಗೆ ಸೇರಿಸಲಾ ಅಂತ ಕೇಳುವ ಚೌಕ ಇರುತ್ತದೆ. ಅದಕ್ಕೆ ಟಿಕ್ ಹಾಕದಿದ್ದರೆ ಆಮೇಲೆ ಪೈಥಾನ್ ಅಂತ ಟೈಪ್ ಮಾಡಿದಾಗ ಆ ಹೆಸರಿನವರು ಇಲ್ಲಿ ಯಾರೂ ಇಲ್ಲ ಅನ್ನುತ್ತದೆ ಕಂಪ್ಯೂಟರ್. ಆಫೀಸಿನ ಹಳೇ ಸಿಸ್ಟಮ್‌ನಲ್ಲಿ ಇನ್ನೂ ವಿಂಡೋಸ್ 7. ಅದರಲ್ಲಿ ಪೈಥಾನ್ 3.8ರ ಮೇಲೆ ನಡೆಯುವುದಿಲ್ಲ. ಈಗ ಯಾರಾದರೂ ಕೇಳಿದರೆ, ಮೊದಲ ತಿಂಗಳು ಏನೂ ಇನ್‌ಸ್ಟಾಲ್ ಮಾಡಬೇಡಿ, ಗೂಗಲ್ ಕೊಲ್ಯಾಬ್ ತೆರೆದು ಬ್ರೌಸರ್‌ನಲ್ಲೇ ಬರೆಯಿರಿ ಅನ್ನುತ್ತೇನೆ. ದುಡ್ಡು ಕೊಡಬೇಕಿಲ್ಲ. ಫೋನಿನಲ್ಲಿ ಕಲಿಯೋಕೆ ಮಾತ್ರ ಹೋಗಬೇಡಿ. ಬ್ರಾಕೆಟ್ಟು, ಕೋಟ್ ಗುರುತು, ಕೋಲನ್ ಹುಡುಕುವುದರಲ್ಲೇ ತಾಳ್ಮೆ ಮುಗಿಯುತ್ತದೆ.

ಬ್ರಾಕೆಟ್ ಅಂದಾಗ ನೆನಪಾಯಿತು. ಮೊದಲ ವಾರಗಳಲ್ಲಿ ಹೊತ್ತು ಎಲ್ಲಿ ಹೋಗುತ್ತದೆ ಅಂತ ಒಂದು ಉದಾಹರಣೆ ಕೊಡುತ್ತೇನೆ. ಮೊದಲ ಸಾಲಿನಲ್ಲಿ ಪ್ರಿಂಟ್ ಅಂತ ಬರೆದು ಬ್ರಾಕೆಟ್ ತೆರೆದು, ಒಳಗೆ ಕೋಟ್ ಗುರುತಿನಲ್ಲಿ ಒಂದು ಪದ ಬರೆದು, ಬ್ರಾಕೆಟ್ ಮುಚ್ಚದೇ ಬಿಡಿ. ಎರಡನೇ ಸಾಲಿನಲ್ಲಿ ರೇಟ್ ಈಕ್ವಲ್ ಟು 18 ಅಂತ ಬರೆಯಿರಿ. ಆ ಹಳೇ 3.8 ಎರಡನೇ ಸಾಲನ್ನು ತೋರಿಸಿ ಇನ್‌ವ್ಯಾಲಿಡ್ ಸಿಂಟ್ಯಾಕ್ಸ್ ಅನ್ನುತ್ತದೆ. ಎರಡನೇ ಸಾಲಿನಲ್ಲಿ ಏನೂ ತಪ್ಪಿಲ್ಲ. ಅದನ್ನೇ ಮೇಲೆ ಕೆಳಗೆ ನೋಡುತ್ತಾ, ಅಳಿಸಿ ಬರೆಯುತ್ತಾ ಅರ್ಧ ಗಂಟೆ ಹೋಗುತ್ತದೆ. 2021ರ ಅಕ್ಟೋಬರ್‌ನಲ್ಲಿ ಬಂದ 3.10ರಿಂದ ಇದು ಸರಿಹೋಯಿತು. ಮೊದಲ ಸಾಲಿನಲ್ಲಿ ತೆರೆದ ಬ್ರಾಕೆಟ್ ಮುಚ್ಚೇ ಇಲ್ಲ ಅಂತ ನೇರವಾಗಿ ಹೇಳುತ್ತದೆ. ಕಲಿಯುವವರ ಅರ್ಧ ಗಂಟೆ ಒಂದು ನಿಮಿಷಕ್ಕೆ ಇಳಿಯಿತು. ಹೊಸ ಆವೃತ್ತಿ ಹಾಕಿಕೊಳ್ಳಿ ಅಂತ ದೊಡ್ಡವರು ಹೇಳುವುದು ಸುಮ್ನೆ ಅಲ್ಲ.

ಆದರೆ ಆ ಕಳೆದ ಅರ್ಧ ಗಂಟೆಗಳು ಪೂರ್ತಿ ದಂಡ ಅಂತಲೂ ನನಗೆ ಅನ್ನಿಸುವುದಿಲ್ಲ. ಎರರ್ ತೋರಿಸಿದ ಸಾಲಿನ ಮೇಲಿನ ಸಾಲನ್ನೂ ನೋಡಬೇಕು ಅಂತ ಕಣ್ಣಿಗೆ ರೂಢಿಯಾಗಿದ್ದು ಹಾಗೇ. ಟ್ರಯಲ್ ಬ್ಯಾಲೆನ್ಸ್ ಕೂಡದಿದ್ದಾಗ ವ್ಯತ್ಯಾಸ ಕಂಡ ಜಾಗದಲ್ಲೇ ತಪ್ಪು ಇರುವುದಿಲ್ಲ ಅಂತ ಯಾವ ಅಕೌಂಟೆಂಟ್‌ಗೆ ಗೊತ್ತಿಲ್ಲ ಹೇಳಿ?

ಒಂದು ಸಮಾಧಾನದ ವಿಷಯ. ಗೈಡೋ ವಾನ್ ರೋಸಮ್ ಪೈಥಾನ್ ಭಾಷೆಯನ್ನು ಕಟ್ಟೋಕೆ ಶುರು ಮಾಡಿದ್ದು 1989ರ ಡಿಸೆಂಬರ್‌ನಲ್ಲಿ. ಆಮ್‌ಸ್ಟರ್‌ಡ್ಯಾಮ್‌ನಲ್ಲಿ ಕೆಲಸ ಮಾಡುತ್ತಿದ್ದರು, ಕ್ರಿಸ್‌ಮಸ್ ರಜೆಯಲ್ಲಿ ಹೊತ್ತು ಕಳೆಯೋಕೆ ಹಿಡಿದ ಕೆಲಸ ಅದು. ಹೊರಗೆ ಬಿಟ್ಟಿದ್ದು 1991ರ ಫೆಬ್ರವರಿಯಲ್ಲಿ. ಮಾಡಿದವರೇ ಒಂದು ವರ್ಷದ ಮೇಲೆ ತಗೊಂಡಿದ್ದಾರೆ. 45 ದಿನ ಅನ್ನುವವರಿಗೆ ಇದನ್ನು ತೋರಿಸಬೇಕು.

ಹೊತ್ತಿನ ವಿಷಯಕ್ಕೆ ಬರೋಣ. ಕೆಲಸ, ಮನೆ ಎರಡೂ ಇರುವವರಿಗೆ ದಿನಕ್ಕೆ ಒಂದು ಗಂಟೆ ಅಂದರೆ ಕೇಳೋಕೆ ಸಣ್ಣದು. ಆ ಒಂದು ಗಂಟೆ ಎಲ್ಲಿಂದ ತರುವುದು ಅನ್ನುವುದೇ ಪ್ರಶ್ನೆ. ರಾತ್ರಿ ಊಟ ಆದ ಮೇಲೆ ಅಂತ ಮೊದಲು ಅಂದುಕೊಂಡೆ. ಆ ಹೊತ್ತಿಗೆ ಅತ್ತೆಯ ಧಾರಾವಾಹಿ ಜೋರಾಗಿ ನಡೆಯುತ್ತಿರುತ್ತದೆ. ನನ್ನ ತಲೆಯೂ ದಿನವಿಡೀ ಅಂಕಿ ನೋಡಿ ನೋಡಿ ಮುಗಿದಿರುತ್ತದೆ. ಇಫ್ ಎಲ್ಸ್ ಅರ್ಥವಾಗುತ್ತದೆ, ಮಾರನೇ ದಿನ ನೋಡಿದರೆ ಏನೂ ಉಳಿದಿರುವುದಿಲ್ಲ. ಬೆಳಿಗ್ಗೆ ಐದೂವರೆಗೆ ಬದಲಾಯಿಸಿದೆ. ಐದೂವರೆಯಿಂದ ಆರೂವರೆ. ನಲ್ಲಿ ನೀರು ಬಿಡುವ ದಿನ ಇದೂ ಇಲ್ಲ. ನಮ್ಮ ಏರಿಯಾದಲ್ಲಿ ನೀರು ದಿನಾ ಬರುವುದಿಲ್ಲ, ಬಂದ ದಿನ ಡ್ರಮ್ಮು, ಕೊಡ, ಸಂಪು ಎಲ್ಲಾ ತುಂಬಿಕೊಳ್ಳಬೇಕು. ಭಾನುವಾರ ಎರಡು ಗಂಟೆ ಜಾಸ್ತಿ, ಮದುವೆ ಮುಂಜಿ ಇಲ್ಲದಿದ್ದರೆ. ಎಲ್ಲಾ ಸೇರಿ ವಾರಕ್ಕೆ ಐದಾರು ಗಂಟೆ ಸಿಕ್ಕರೆ ಒಳ್ಳೇ ವಾರ.

ಅತ್ತೆ ಒಂದು ದಿನ ಹಿಂದೆ ನಿಂತು ನೋಡಿ, "ಅದೇನು ದಿನಾ ಅದೇ ಪಾಠ ಓದ್ತೀಯಾ, ಮುಂದಕ್ಕೆ ಹೋಗೋದೇ ಇಲ್ವಾ?" ಅಂದರು. ಹೊರಗಿನವರಿಗೆ ಹಾಗೇ ಕಾಣುತ್ತದೆ. ಒಂದೇ ಇಪ್ಪತ್ತು ಸಾಲು ತಿಂಗಳುಗಟ್ಟಲೆ ಪರದೆ ಮೇಲೆ ಇರುತ್ತದೆ. ಆದರೂ ಅವರಿಗೆ ಗೊತ್ತಾದ ಮೇಲೆ ಒಂದು ಅನುಕೂಲ ಆಯಿತು. ಆ ಹೊತ್ತಿಗೆ ಹಾಲು ಕಾಯಿಸುವ ಕೆಲಸ ಅವರೇ ಮಾಡಿಕೊಂಡರು, ನನ್ನನ್ನು ಕೂಗುವುದು ಬಿಟ್ಟರು. ಕಲಿಯುವವರ ಮನಸ್ಸಿನ ಗಟ್ಟಿತನದ ಬಗ್ಗೆ ಎಲ್ಲರೂ ಭಾಷಣ ಮಾಡುತ್ತಾರೆ. ಮನೆಯವರು ಆ ಒಂದು ಗಂಟೆ ಬಿಟ್ಟುಕೊಡದಿದ್ದರೆ ಎಂಥಾ ಗಟ್ಟಿ ಮನಸ್ಸೂ ಉಪಯೋಗಕ್ಕೆ ಬರುವುದಿಲ್ಲ. ಗಂಡಸರಿಗೆ ಇದು ಕೇಳದೆ ಸಿಗುತ್ತದೆ. ನಾವು ಕೇಳಿ ತಗೊಳ್ಳಬೇಕು. ಕೇಳಿ.

ನನಗೆ ದೊಡ್ಡ ತೊಡಕಾಗಿದ್ದು ಗಂಟೆಗಳ ಕೊರತೆಗಿಂತ ನಡುವೆ ಬೀಳುವ ಬಿಡುವು. ತಿಂಗಳ 14ರಿಂದ 20ರ ತನಕ ಆಫೀಸಿನಿಂದ ಬರುವುದೇ ರಾತ್ರಿ. ಬೆಳಿಗ್ಗೆ ಏಳೋಕೆ ಆಗುವುದಿಲ್ಲ. ಹಾಗೆ ಒಂದು ವಾರ ಬಿಟ್ಟು ಕೂತರೆ, ಹಿಂದೆ ನಾನೇ ಬರೆದದ್ದು ಬೇರೆ ಯಾರೋ ಬರೆದ ಹಾಗೆ ಕಾಣುತ್ತದೆ. ಈ ಲಿಸ್ಟ್ ಯಾಕೆ ಮಾಡಿದ್ದೆ? ಎಕ್ಸ್ ಅಂದರೆ ಏನು? ಅದನ್ನು ನೆನಪು ಮಾಡಿಕೊಳ್ಳೋಕೆ ಎರಡು ದಿನ. ತಿಂಗಳಿಗೆ ಹೀಗೆ ಒಂದು ವಾರ ಬಿಟ್ಟು, ಎರಡು ದಿನ ನೆನಪಿಗೆ ಕೊಟ್ಟರೆ ಉಳಿಯುವುದು ಎಷ್ಟು? ಮೂರು ವಾರವೂ ಪೂರ್ತಿ ಇಲ್ಲ.

ಇದಕ್ಕೆ ನಾನು ಕಂಡುಕೊಂಡ ಉಪಾಯ ಚಿಕ್ಕದು. ಆ ವಾರದಲ್ಲಿ ಹೊಸದು ಏನನ್ನೂ ಕಲಿಯುವುದಿಲ್ಲ. ಬೆಳಿಗ್ಗೆ ಕಾಫಿ ಲೋಟ ಹಿಡಿದುಕೊಂಡು ಫೈಲ್ ತೆರೆಯುವುದು, ಒಂದು ಸಲ ಓಡಿಸುವುದು, ಮೇಲಿಂದ ಕೆಳಗೆ ಓದುವುದು. ಹತ್ತು ನಿಮಿಷ. ಏನಾದರೂ ಹೊಳೆದರೆ ಹ್ಯಾಶ್ ಗುರುತು ಹಾಕಿ ಕಾಮೆಂಟ್‌ನಲ್ಲಿ ಕನ್ನಡದಲ್ಲೇ ಬರೆದಿಡುವುದು: "ಇಲ್ಲಿ ಜಿಎಸ್‌ಟಿಐಎನ್ ಖಾಲಿ ಇದ್ದರೆ ಏನು ಮಾಡೋದು ನೋಡು." (ಜಿಎಸ್‌ಟಿಐಎನ್ ಅಂದರೆ ವ್ಯಾಪಾರಿಯ ಜಿಎಸ್‌ಟಿ ನಂಬರ್.) ಹೌದು, ಕಾಮೆಂಟ್ ಕನ್ನಡದಲ್ಲಿ ಬರೆಯಬಹುದು, ಪೈಥಾನ್ ಏನೂ ಅನ್ನುವುದಿಲ್ಲ. 21ಕ್ಕೆ ಕೂತಾಗ ಮತ್ತೆ ಮೊದಲಿಂದ ಶುರು ಮಾಡುವ ಕಷ್ಟ ಇಲ್ಲ. ಭಾನುವಾರ ಒಂದೇ ದಿನ ಆರು ಗಂಟೆ ಕೂರುವುದಕ್ಕಿಂತ ದಿನಾ ಮುಕ್ಕಾಲು ಗಂಟೆ ಕೂತವರು ಬೇಗ ಕಲಿಯುತ್ತಾರೆ ಅಂತ ನಾನು ಪೂರ್ತಿ ನಂಬಿದ್ದೇನೆ.

ಯಾವ ಕೋರ್ಸ್ ಅಂತ ಕೇಳುತ್ತಾರೆ. ನಾನು ಮಾಡಿದ್ದು ಎನ್‌ಪಿಟೆಲ್. ಐಐಟಿಯಂಥ ಸಂಸ್ಥೆಗಳವರು ಆನ್‌ಲೈನ್‌ನಲ್ಲಿ ಹೇಳುವ ಪಾಠ ಅದು. ಪಾಠ ಪುಕ್ಕಟೆ, ಸರ್ಕಾರದ "ಸ್ವಯಂ" ಅನ್ನುವ ಪೋರ್ಟಲ್‌ನಲ್ಲಿ ಹೆಸರು ಕೊಟ್ಟರೆ ಸಾಕು. ಪೈಥಾನ್‌ಗೆ ಐಐಟಿ ರೋಪರ್‌ನವರ 12 ವಾರದ ಕೋರ್ಸ್ ಇದೆ, ಏನೂ ಗೊತ್ತಿಲ್ಲದವರಿಗೆ ಅದೇ ಸರಿ. ಚೆನ್ನೈ ಮ್ಯಾಥಮೆಟಿಕಲ್ ಇನ್‌ಸ್ಟಿಟ್ಯೂಟ್‌ನ ಮಾಧವನ್ ಮುಕುಂದ್ ಅವರ 8 ವಾರದ್ದು ಗಟ್ಟಿ, ಆದರೆ ವೇಗ ಜಾಸ್ತಿ. ನನಗೆ ಎನ್‌ಪಿಟೆಲ್‌ನಲ್ಲಿ ಇಷ್ಟವಾದದ್ದು ಪಾಠಕ್ಕಿಂತ ಗಡುವು. ವಾರಕ್ಕೊಂದು ಅಸೈನ್‌ಮೆಂಟ್, ಇಂಥ ದಿನದೊಳಗೆ ಹಾಕಲೇಬೇಕು. ಸರ್ಟಿಫಿಕೇಟ್ ಬೇಕಾದರೆ ಪರೀಕ್ಷೆ ಬರೆಯಬೇಕು, ನಾನು ಕಟ್ಟಿದಾಗ ಫೀಸು 1000 ರೂಪಾಯಿ. ಅಸೈನ್‌ಮೆಂಟ್‌ಗೆ 25, ಪರೀಕ್ಷೆಗೆ 75 ಅಂಕ. ಗಡುವು ಅಂದರೆ ನಮ್ಮ ಆಫೀಸಿನವರಿಗೆ ಮೈಯೆಲ್ಲಾ ಎಚ್ಚರ. ದುಡ್ಡು ಕಟ್ಟಿ ಪರೀಕ್ಷೆಗೆ ಹೋಗದಿದ್ದರೆ ಮನೆಯಲ್ಲಿ ಒಂದು ಮಾತು ಬರುತ್ತದೆ ಅನ್ನುವುದೂ ಇತ್ತು.

ಹಾರ್ವರ್ಡ್‌ನ ಸಿಎಸ್50 ಬಗ್ಗೆ ಎಲ್ಲರೂ ಹೇಳುತ್ತಾರೆ. ಅದೂ ಪುಕ್ಕಟೆ, ಪಾಠ ಮಾಡುವ ಡೇವಿಡ್ ಮಲನ್ ನಿಜಕ್ಕೂ ಚೆನ್ನಾಗಿ ಹೇಳುತ್ತಾರೆ. ಆದರೆ ಅದರ ಮುಖ್ಯ ಕೋರ್ಸ್ ತುಂಡು ಜೋಡಿಸುವ ಸುಲಭದ ಸ್ಕ್ರ್ಯಾಚ್ ಭಾಷೆ ಆದ ಮೇಲೆ ಸೀದಾ ಸಿ ಭಾಷೆಗೆ ಇಳಿಯುತ್ತದೆ. ಮನೆಪಾಠದ ಒಂದೊಂದು ಲೆಕ್ಕಕ್ಕೂ ವಾರಾಂತ್ಯ ಹೋಗುತ್ತದೆ. ಕೆಲಸ ಮಾಡುವವರು ಅದರ ಪೈಥಾನ್ ಕೋರ್ಸ್ ಬೇರೆಯೇ ಇದೆಯಲ್ಲ, ಅದನ್ನು ಹಿಡಿಯುವುದು ಮೇಲು. ಒಂದು ಕೋರ್ಸ್ ಹಿಡಿದರೆ ಮುಗಿಯುವ ತನಕ ಇನ್ನೊಂದರ ಕಡೆ ತಲೆ ಹಾಕಬಾರದು. ಮೂರು ಕೋರ್ಸ್‌ನ ಮೊದಲ ಎರಡು ವಾರ ಮಾಡಿದವರಿಗೆ ವೇರಿಯೇಬಲ್ ಅಂದರೆ ಏನು ಅಂತ ಮೂರು ಸಲ ಗೊತ್ತಾಗಿರುತ್ತದೆ, ಅಷ್ಟೇ.

ಇಂಗ್ಲಿಷ್ ಭಯ ಇರುವವರಿಗೆ ಒಂದು ಮಾತು. ನಾನು ಹತ್ತನೇ ಕ್ಲಾಸಿನವರೆಗೆ ಕನ್ನಡ ಮೀಡಿಯಂ. ಪೈಥಾನ್‌ನಲ್ಲಿ ಮೀಸಲು ಪದಗಳು ಇರುವುದು ಬರೀ 35. ಇಫ್, ಎಲ್ಸ್, ಫಾರ್, ವೈಲ್, ನಾಟ್, ಆಂಡ್. ಇವಕ್ಕೆ ಇಂಗ್ಲಿಷ್ ಬರಬೇಕು ಅಂತೇನಿಲ್ಲ. ಕಷ್ಟ ಇರುವುದು ಎರರ್ ಸಂದೇಶ ಓದುವುದರಲ್ಲಿ. ನಮಗೆ ಕೆಂಪು ಅಕ್ಷರ ಕಂಡ ಕೂಡಲೇ ಕಣ್ಣು ಮುಚ್ಚಿಕೊಳ್ಳುವ ಅಭ್ಯಾಸ. ಅದರ ಕೊನೇ ಸಾಲನ್ನು ಮೊದಲು ಓದಬೇಕು, ವಿಷಯ ಇರುವುದೇ ಅಲ್ಲಿ. ಇದೊಂದು ಅಭ್ಯಾಸ ಆಗೋಕೇ ನನಗೆ ತಿಂಗಳ ಮೇಲೆ ಬೇಕಾಯಿತು. ಕನ್ನಡದಲ್ಲೇ ಕೇಳಬೇಕು ಅಂದರೆ ಐಐಟಿ ಬಾಂಬೆಯವರ ಸ್ಪೋಕನ್ ಟ್ಯುಟೋರಿಯಲ್ ಇದೆ. ಹತ್ತು ಹತ್ತು ನಿಮಿಷದ ಚಿಕ್ಕ ಪಾಠಗಳು, ಹಲವು ವಿಷಯಗಳಿಗೆ ಕನ್ನಡ ಧ್ವನಿ ಇದೆ. ಪಕ್ಕದಲ್ಲೇ ಕಿಟಕಿ ತೆರೆದು ಅವರು ಮಾಡಿದ್ದನ್ನು ನಾವೂ ಮಾಡುತ್ತಾ ಹೋಗಬೇಕು ಅನ್ನುವುದೇ ಅವರ ಪದ್ಧತಿ.

ಮೊದಲ ಎರಡು ತಿಂಗಳು ಖುಷಿಯಾಗಿ ಹೋಗುತ್ತದೆ. ಮಗಳೂ ಪಕ್ಕ ಬಂದು ಕೂರುತ್ತಿದ್ದಳು. ಒಂದು ಭಾನುವಾರ ಅವಳು "ಕನ್ನಡ" ಅನ್ನುವ ಪದದ ಉದ್ದ ಎಷ್ಟು ಅಂತ ಪೈಥಾನ್‌ಗೆ ಕೇಳಿದಳು. ಅದು 5 ಅಂದಿತು. "ಮೂರಲ್ವಾ ಅಮ್ಮ?" ಅಂತ ಜಗಳಕ್ಕೆ ನಿಂತಳು. ಕ, ನ, ಹಲಂತದ ಗುರುತು, ಇನ್ನೊಂದು ನ, ಡ. ಒತ್ತಕ್ಷರವನ್ನು ಕಂಪ್ಯೂಟರ್ ಬಿಡಿಸಿ ಇಟ್ಟುಕೊಳ್ಳುತ್ತದೆ. ಅವತ್ತು ನನ್ನ ಪಾಠ ಅಲ್ಲಿಗೇ ನಿಂತಿತು, ಮನೆಯವರ ಹೆಸರುಗಳೆಲ್ಲಾ ಉದ್ದ ಅಳೆಸಿಕೊಂಡವು. ಇಂಥ ಹೊತ್ತನ್ನು ಯಾವ ಖಾತೆಗೆ ಬರೆಯಬೇಕೋ ಗೊತ್ತಿಲ್ಲ, ಆದರೆ ಸ್ಟ್ರಿಂಗ್ (ಅಕ್ಷರಗಳ ಸರಣಿ) ಅಂದರೆ ಏನು ಅಂತ ನನಗೆ ಸರಿಯಾಗಿ ತಲೆಗೆ ಹೋಗಿದ್ದು ಅವತ್ತೇ.

ಮೂರನೇ ತಿಂಗಳಿಂದ ಆರನೇ ತಿಂಗಳ ತನಕ ಬಲು ಬೇಜಾರು. ಬಿಡುವವರು ಇಲ್ಲೇ ಬಿಡುತ್ತಾರೆ. ಪಾಠದ ಲೆಕ್ಕ ಮಾಡೋಕೆ ಬರುತ್ತದೆ, ಸ್ವಂತದ್ದು ಏನೂ ಬರುವುದಿಲ್ಲ. ಫಂಕ್ಷನ್, ಅಂದರೆ ಒಂದು ಹೆಸರಿಟ್ಟು ಮತ್ತೆ ಮತ್ತೆ ಬಳಸುವ ಸಾಲುಗಳ ಗುಂಪು, ಯಾಕೆ ಬೇಕು ಅಂತ ಅರ್ಥವಾಗಿರುವುದಿಲ್ಲ. ಒಂದು ಹೆಸರಿಗೆ ಒಂದು ವಿವರ ಜೋಡಿಸಿಡುವ ಪೈಥಾನ್‌ನ ಡಿಕ್ಷನರಿ ಅಂದರೆ ಪರೀಕ್ಷೆಗೆ ಓದಿದ ಹಾಗೆ ಬಾಯಿಪಾಠ. ನಾನು ಆಗ ಪಾಠ ಪಕ್ಕಕ್ಕಿಟ್ಟು ನನ್ನ 2ಬಿ ಫೈಲನ್ನೇ ತೆರೆದೆ. ಒಂದು ಚಿಕ್ಕ ಪಾರ್ಟಿಯದು, ಬಿಲ್ಲುಗಳೂ ಕಡಿಮೆ. ಕೈಯಲ್ಲಿ ತಾಳೆ ನೋಡಿದ ಉತ್ತರ ಮೊದಲೇ ನನ್ನ ಹತ್ತಿರ ಇತ್ತು. ಇದು ತುಂಬಾ ಮುಖ್ಯ. ಉತ್ತರ ಗೊತ್ತಿರುವ ಲೆಕ್ಕವನ್ನೇ ಕಂಪ್ಯೂಟರ್‌ಗೆ ಕೊಡಬೇಕು. ಇಲ್ಲದಿದ್ದರೆ ಅದು ಹೇಳಿದ್ದೇ ವೇದವಾಕ್ಯ ಆಗುತ್ತದೆ.

ಜಿಎಸ್‌ಟಿಐಎನ್ 15 ಅಕ್ಷರದ್ದು. ಮೊದಲ ಎರಡು ರಾಜ್ಯದ ನಂಬರ್, ನಮ್ಮದು 29. ಆಮೇಲಿನ ಹತ್ತು ಪ್ಯಾನ್. ಇದಕ್ಕೆ ಬಿಲ್ ನಂಬರ್ ಅಂಟಿಸಿದರೆ ಒಂದು ಬಿಲ್‌ಗೆ ಒಂದೇ ಗುರುತು ಸಿಗುತ್ತದೆ, ಎರಡೂ ಪಟ್ಟಿಯಲ್ಲಿ ಅದನ್ನು ಹುಡುಕಿದರೆ ಮುಗೀತು ಅಂತ ನನ್ನ ಯೋಜನೆ. ಮುಗಿಯಲಿಲ್ಲ. ಒಂದು ಕಡೆ 045, ಇನ್ನೊಂದು ಕಡೆ ಬರೀ 45, ಎಕ್ಸೆಲ್ ಮುಂದಿನ ಸೊನ್ನೆ ತಿಂದಿತ್ತು. ಒಂದು ಕಡೆ ಓರೆ ಗೆರೆ, ಇನ್ನೊಂದು ಕಡೆ ಅಡ್ಡ ಗೆರೆ. ಒಂದು ಕಡೆ ವರ್ಷ ಸೇರಿಸಿದ್ದಾರೆ, ಇನ್ನೊಂದು ಕಡೆ ಇಲ್ಲ. ನಂಬರ್ ಆದ ಮೇಲೆ ಕಣ್ಣಿಗೆ ಕಾಣದ ಒಂದು ಖಾಲಿ ಜಾಗ. ಸೊನ್ನೆ ಬದಲು ಇಂಗ್ಲಿಷ್ ಓ. ಇದನ್ನೆಲ್ಲ ಒಂದೊಂದಾಗಿ ತೊಳೆದು ಒಂದೇ ಥರ ಮಾಡುವ ಫಂಕ್ಷನ್ ಬರೆಯುತ್ತಾ ಹೋದೆ. ಪ್ರತಿ ಹೊಸ ಪಾರ್ಟಿಯ ಫೈಲ್ ಹಾಕಿದಾಗ ಹೊಸದೊಂದು ಬಗೆ ಸಿಗುತ್ತಿತ್ತು. ಈ ಒಂದೇ ಕೆಲಸಕ್ಕೆ ನನ್ನ ಕಲಿಕೆಯ ಹೆಚ್ಚುಕಡಿಮೆ ಮೂರನೇ ಒಂದು ಪಾಲು ಹೋಯಿತು. ಯಾವ ಪಾಠದಲ್ಲೂ ಇದು ಇರುವುದಿಲ್ಲ, ಯಾಕೆಂದರೆ ಪಾಠದ ಫೈಲ್‌ಗಳು ಮೊದಲೇ ತೊಳೆದಿಟ್ಟಿರುತ್ತವೆ. ಆದರೆ ಫಂಕ್ಷನ್ ಯಾಕೆ ಬೇಕು ಅಂತ ಯಾರೂ ನನಗೆ ಮತ್ತೆ ಹೇಳಬೇಕಾಗಲಿಲ್ಲ.

ಪೈಸೆಯ ಕಥೆ ಇನ್ನೊಂದು. ಪೈಥಾನ್‌ನಲ್ಲಿ 0.1ಕ್ಕೆ 0.2 ಕೂಡಿಸಿ ನೋಡಿ. 0.30000000000000004 ಅಂತ ಬರುತ್ತದೆ. ಅಕೌಂಟೆಂಟ್ ಆದವಳಿಗೆ ಇದನ್ನು ನೋಡಿ ಹೇಗಾಗಬೇಡ! ಕಂಪ್ಯೂಟರ್ ಒಳಗೆ ಎಲ್ಲಾ ಸೊನ್ನೆ, ಒಂದು ಇವೆರಡೇ ಅಂಕಿಯಲ್ಲಿ ಲೆಕ್ಕ. ಹತ್ತನೇ ಒಂದು ಭಾಗವನ್ನು ಅದರಲ್ಲಿ ಪೂರ್ತಿ ಬರೆಯೋಕೆ ಆಗುವುದಿಲ್ಲ, ಮೂರನೇ ಒಂದು ಭಾಗ ಬರೆಯೋಕೆ ಹೋದರೆ ನಮಗೆ 0.333 ಅಂತ ಮುಗಿಯದೇ ಹೋಗುತ್ತದಲ್ಲ, ಹಾಗೆ. ಎಕ್ಸೆಲ್ ಒಳಗೂ ಇದೇ ಕಥೆ. ಅದು 15 ಅಂಕಿ ಮಾತ್ರ ತೋರಿಸುವುದರಿಂದ ನಮಗೆ ಕಾಣುವುದಿಲ್ಲ. ಎರಡು ಮೊತ್ತ ಸಮ ಇದೆಯಾ ಅಂತ ಕೇಳಿದರೆ ಸಮ ಇರುವುದನ್ನೂ ಇಲ್ಲ ಅನ್ನಬಹುದು. ವ್ಯತ್ಯಾಸ ಒಂದು ರೂಪಾಯಿಗಿಂತ ಕಡಿಮೆ ಇದ್ದರೆ ಸರಿ ಅಂತ ತಗೋ ಅಂತ ಬರೆದ ಮೇಲೆ ತಾಳೆ ಸಿಗೋಕೆ ಶುರುವಾಯಿತು. ಕೈಯಲ್ಲಿ ಮಾಡುವಾಗಲೂ ನಾವು ಅದನ್ನೇ ಮಾಡುತ್ತಿದ್ದೆವು, ಹೇಳಿಕೊಳ್ಳುತ್ತಿರಲಿಲ್ಲ ಅಷ್ಟೇ.

"ಈಗ ಎಐ ಇದೆಯಲ್ಲ ಮೇಡಂ, ಕಲಿಯೋದು ಯಾಕೆ?" ಅಂತ ಆಫೀಸಿನ ಆರ್ಟಿಕಲ್ ಹುಡುಗ, ಸಿಎ ಓದುತ್ತಾ ಕೆಲಸ ಕಲಿಯುವವನು, ಕೇಳಿದ. ಒಳ್ಳೇ ಪ್ರಶ್ನೆ. ಚಾಟ್‌ಜಿಪಿಟಿ 2022ರ ನವೆಂಬರ್‌ನಲ್ಲಿ ಬಂದಿದ್ದು, ಎರರ್ ಅರ್ಥ ಮಾಡಿಕೊಳ್ಳೋಕೆ ನಾನೂ ಬಳಸುತ್ತೇನೆ. ಅದರಿಂದ ನನ್ನ ಹೊತ್ತು ತುಂಬಾ ಉಳಿದಿದೆ. ಅದೇ ಹುಡುಗ ಎರಡು ಪಟ್ಟಿ ಸೇರಿಸುವ ಪ್ರೋಗ್ರಾಂ ಅದರಿಂದ ಬರೆಸಿಕೊಂಡು ಬಂದ. ಒಂದು ನಿಮಿಷದ ಕೆಲಸ, ಎರರ್ ಇಲ್ಲದೆ ಓಡಿತು. ಕೆಳಗಿನ ಮೊತ್ತ ನೋಡಿದರೆ ಇನ್‌ಪುಟ್ ಜಾಸ್ತಿ ತೋರಿಸುತ್ತಿದೆ. ಒಂದೇ ಬಿಲ್‌ನಲ್ಲಿ 5 ಪರ್ಸೆಂಟಿನ ಮಾಲೂ 18 ಪರ್ಸೆಂಟಿನ ಮಾಲೂ ಇದ್ದರೆ ನಮ್ಮ ಪಟ್ಟಿಯಲ್ಲಿ ಅದು ಎರಡು ಸಾಲು. ಆ ಕಡೆ ಒಂದೇ ಸಾಲು. ಪೈಥಾನ್‌ನಲ್ಲಿ ಪಟ್ಟಿಗಳ ಕೆಲಸಕ್ಕೆ ಇರುವ ಪಾಂಡಾಸ್‌ನಲ್ಲಿ ಎರಡು ಪಟ್ಟಿ ಮರ್ಜ್ ಮಾಡಿದಾಗ ಆ ಒಂದು ಸಾಲು ಎರಡಕ್ಕೂ ಅಂಟಿಕೊಂಡು ತೆರಿಗೆ ಎರಡು ಸಲ ಎಣಿಕೆಯಾಗಿತ್ತು. ಪಾಂಡಾಸ್ ತನಗೆ ಹೇಳಿದ್ದನ್ನೇ ಮಾಡಿದೆ. ಮೊದಲು ಬಿಲ್‌ವಾರು ಕೂಡಿಸಿಕೊಂಡು ಆಮೇಲೆ ಸೇರಿಸಬೇಕಿತ್ತು. ಹುಡುಗನಿಗೆ ಮೊತ್ತ ತಪ್ಪಿದ್ದು ಕಾಣಿಸಿತು, ಎಲ್ಲಿ ತಪ್ಪಿದೆ ಅಂತ ಹುಡುಕೋಕೆ ಗೊತ್ತಾಗಲಿಲ್ಲ. ಹುಡುಕೋಕೆ ಕಲಿಯುವುದಕ್ಕೆ ಬೇಕಾದ ಹೊತ್ತು ಎಐ ಬಂದ ಮೇಲೂ ಅಷ್ಟೇ ಇದೆ ಅಂತ ನನ್ನ ಅಭಿಪ್ರಾಯ. ಇನ್ನೊಂದು ಮಾತು, ಪಾರ್ಟಿಗಳ ನಿಜವಾದ ಫೈಲ್ ಅಲ್ಲಿಗೆ ಹಾಕಬೇಡಿ. ಹೆಸರು, ಜಿಎಸ್‌ಟಿಐಎನ್ ಬದಲಾಯಿಸಿ ನಾಲ್ಕು ಸಾಲು ಹಾಕಿ ಕೇಳಿದರೆ ಸಾಕು.

ಇದೆಲ್ಲ ತಮ್ಮ ಕೆಲಸ ಹಗುರ ಮಾಡಿಕೊಳ್ಳಬೇಕು ಅನ್ನುವವರಿಗೆ. ವಾರಕ್ಕೆ ಐದಾರು ಗಂಟೆ ಕೊಟ್ಟರೆ ಆರು ತಿಂಗಳಲ್ಲಿ ಸಣ್ಣಪುಟ್ಟ ಉಪಯೋಗ ಶುರುವಾಗುತ್ತದೆ. ಪಿಡಿಎಫ್‌ಗಳಿಗೆ ಹೆಸರು ಬದಲಾಯಿಸುವುದು, ಹತ್ತು ಎಕ್ಸೆಲ್ ಒಂದು ಮಾಡುವುದು, ಇಂಥವು. ಇನ್ನೊಬ್ಬರು ನಂಬಿ ಬಳಸುವಂಥದ್ದು ಮಾಡೋಕೆ ಒಂದು ವರ್ಷ. ಕೆಲಸಕ್ಕೆ ಸೇರಬೇಕು ಅನ್ನುವವರ ಲೆಕ್ಕ ಬೇರೆ. ಅವರಿಗೆ ಎಸ್‌ಕ್ಯೂಎಲ್ ಬೇಕು, ಗಿಟ್ ಬೇಕು, ಡೇಟಾ ಸ್ಟ್ರಕ್ಚರ್ ಬೇಕು, ತೋರಿಸೋಕೆ ನಾಲ್ಕು ಸ್ವಂತ ಕೆಲಸ ಬೇಕು. ನನ್ನ ಚಿಕ್ಕಪ್ಪನ ಮಗ ಆಮೇಲೆ ಬೆಂಗಳೂರಿನಲ್ಲಿ ರೂಮ್ ಮಾಡಿಕೊಂಡು ದಿನವಿಡೀ ಅದನ್ನೇ ಹಿಡಿದ. ವರ್ಷ ದಾಟಿದ ಮೇಲೆ ಒಂದು ಟೆಸ್ಟಿಂಗ್ ಕೆಲಸ ಸಿಕ್ಕಿತು. ದಿನವಿಡೀ ಕೂತವನಿಗೇ ವರ್ಷ. ಮನೆಯಲ್ಲಿ ಅವನಿಗೆ ದುಡ್ಡು ಕಳಿಸುವವರಿದ್ದರು ಅನ್ನುವುದನ್ನೂ ಸೇರಿಸಿಕೊಳ್ಳಬೇಕು.

ಲ್ಯಾಪ್‌ಟಾಪ್ ದುಬಾರಿಯದ್ದು ಬೇಕಿಲ್ಲ. ನನ್ನದು ಹಳೇದು, 8 ಜಿಬಿ ರ್‍ಯಾಮ್. ಬ್ಯಾಟರಿ ನಿಲ್ಲುವುದಿಲ್ಲ, ಪ್ಲಗ್ ಹಾಕಿಯೇ ಇರುತ್ತೇನೆ.

ಹೋದ ವಾರ ನಮ್ಮ ಸಾರ್ ಕರೆದು, "26ಎಎಸ್‌ಗೂ ಇಂಥದ್ದೇ ಒಂದು ಮಾಡಿಕೊಡಮ್ಮ, ಟಿಡಿಎಸ್ ತಾಳೆ ನೋಡೋಕೆ. ಎಷ್ಟು ದಿನ ಬೇಕು?" ಅಂದರು. 26ಎಎಸ್ ಅಂದರೆ ಒಬ್ಬರ ಹೆಸರಲ್ಲಿ ಎಷ್ಟು ಟಿಡಿಎಸ್ (ದುಡ್ಡು ಕೊಡುವಾಗಲೇ ಹಿಡಿದ ತೆರಿಗೆ) ಜಮಾ ಆಗಿದೆ ಅಂತ ತೋರಿಸುವ ಇನ್‌ಕಂ ಟ್ಯಾಕ್ಸ್ ಇಲಾಖೆಯ ಪಟ್ಟಿ. ಎರಡು ತಿಂಗಳು ಅಂದೆ. "ಅದೇ ಪ್ರೋಗ್ರಾಂ ಇದೆಯಲ್ಲ, ಅಷ್ಟೊಂದು ಯಾಕೆ?" ಅಂತ ಅವರಿಗೆ ಆಶ್ಚರ್ಯ. ಭಾನುವಾರ ಆ ಫೈಲ್ ತೆರೆದು ನೋಡಿದ್ದೇನೆ. ಎಕ್ಸೆಲ್ ಅಲ್ಲ, ಟೆಕ್ಸ್ಟ್ ಫೈಲ್. ಕಾಲಂ ಕಾಲಂ ನಡುವೆ ಕಾಮಾ ಇಲ್ಲ, ಟೋಪಿಯಂಥ ಒಂದು ಗುರುತು ಇದೆ. ಟಿಡಿಎಸ್ ಹಿಡಿದವರ ಹೆಸರಿನ ಸಾಲು ಒಂದು ಥರ, ಅದರ ಕೆಳಗೆ ಬರುವ ವಿವರದ ಸಾಲುಗಳು ಇನ್ನೊಂದು ಥರ. ಯಾವ ವಿವರ ಯಾರದ್ದು ಅಂತ ನೆನಪಿಟ್ಟುಕೊಂಡು ಕೆಳಗೆ ಇಳಿಯಬೇಕು. ಅದಕ್ಕೆ ಲೂಪ್ ಹೇಗೆ ಬರೆಯುವುದು ಅಂತ ಹೊಳೆದಿದೆ, ಇನ್ನೂ ಬರೆದಿಲ್ಲ. ಎರಡು ತಿಂಗಳಲ್ಲಿ ಎರಡು ಸಲ 14 ಬರುತ್ತದೆ ಸಾರ್ ಅಂದೆ. ಅವರು ಕ್ಯಾಲೆಂಡರ್ ನೋಡಿ, ಸರಿ ಅಂದರು.